ನೆಹೆಮೀಯ ಅಯ್ಯನವರಿಗೆ ಸಿಕ್ಕ ಮಣ್ಣು

ನಮ್ಮೂರಲ್ಲಿ ಹೆಣ ಹೂಳುವುದು ಗುದ್ದಲಿ ಹಿಡಿದವರ ಕೈಯಲ್ಲಿಲ್ಲ. ಸತ್ತವರ ಬಗ್ಗೆ ಒಂದು ಖರೇ ಮಾತು ಬೀಳುವ ತನಕ ಮಣ್ಣು ಬಾಯಿ ಬಿಡುವುದಿಲ್ಲ. ಹಾರೆ ಹಾಕಿದರೆ ಕಿಡಿ ಹಾರುತ್ತದೆ, ಗುದ್ದಲಿ ಹಾಕಿದರೆ ಕಾವು ಮುರಿಯುತ್ತದೆ. 'ದೇವರಂಥವನು, ಬಂಗಾರದಂಥವನು' ಎಂದು ಬೆಳಗಿನಿಂದ ಸಂಜೆಯವರೆಗೆ ಹಾಡಿದರೂ ಅಷ್ಟೇ. ಎಲ್ಲರಿಗೂ ಗೊತ್ತಿದ್ದು ಯಾರೂ ಬಾಯಿಬಿಟ್ಟು ಆಡದ ಮಾತೊಂದು ಪ್ರತಿ ಮನೆಯಲ್ಲೂ ಇರುತ್ತದಲ್ಲ, ಅದು ಬೇಕು ಅದಕ್ಕೆ. ಅದೂ ಮನೆಯವರು ಹೇಳಿದರೆ ನಡೆಯದು. ಮನೆಯವರು ಅಳಬೇಕು, ಹೊರಗಿನವರು ಹೇಳಬೇಕು. ಆ ಮಾತು ಬಿತ್ತೆಂದರೆ ನೆಲ ನಾದಿದ ಹಿಟ್ಟಿನಂತೆ ಮೆತ್ತಗಾಗುತ್ತದೆ. ಎಲ್ಲ ಜಾತಿಯವರಿಗೂ ಇದೇ ಕಟ್ಟಳೆ. ಹಾಗಾಗಿ ನಮ್ಮಲ್ಲಿ ಮಣ್ಣಿಗೆ ಹೋಗುವವರು ಹೂವಿನ ಜೊತೆ ಒಂದು ಚಾಪೆ, ಒಂದು ತಂಬಿಗೆ ನೀರು, ಚೂರು ಚುರುಮುರಿ ಕಟ್ಟಿಕೊಂಡೇ ಹೋಗುತ್ತಾರೆ. ಎಷ್ಟು ಹೊತ್ತಾಗುತ್ತದೋ ಯಾರು ಬಲ್ಲರು. ಬದುಕಿದ್ದಾಗ ಎದುರುಮನೆಯವರ ಜೊತೆ ತೀರಾ ಜಗಳ ಮಾಡಿಕೊಳ್ಳಬಾರದು ಎಂಬ ಬುದ್ಧಿಯೂ ನಮಗೆ ಈ ಮಣ್ಣಿನಿಂದಲೇ ಬಂದದ್ದು. ನಾಳೆ ಅವರೇ ತಾನೆ ನಿಂತು ಹೇಳಬೇಕಾದವರು.

ನೆಹೆಮೀಯ ಅಯ್ಯನವರು ನಮ್ಮ ಸಭೆಗೆ ಪಾದ್ರಿಯಾಗಿ ಬಂದಾಗ ಅವರ ಹತ್ತಿರ ಇದ್ದದ್ದು ಒಂದು ಸೈಕಲ್ಲು, ಒಂದು ಟ್ರಂಕು, ಮತ್ತು ಹೊಸದಾಗಿ ಮದುವೆಯಾಗಿದ್ದ ಸಲೋಮಿ ಅಮ್ಮನವರು. ಚರ್ಚಿನ ಎದುರು ನಮ್ಮ ಮನೆ. ನಾನು ಹೊರಗಿನ ಕೋಣೆಯಲ್ಲಿ ಮಷೀನು ಇಟ್ಟುಕೊಂಡು ರವಿಕೆ ಹೊಲಿಯುತ್ತಿದ್ದೆ. ಅಯ್ಯನವರು ಬಂದ ವಾರವೇ ಸಾಲಿಯ ಹೆಡ್ ಮಾಸ್ತರು ತೀರಿಕೊಂಡರು. ಹುಡುಗರ ಬೆನ್ನ ಮೇಲೆ ಬರೆ ಮೂಡುವ ಹಾಗೆ ಹೊಡೆಯುತ್ತಿದ್ದ ಮನುಷ್ಯ. 'ಶಿಸ್ತಿನ ಸಿಪಾಯಿ' ಎಂದರು, 'ಜ್ಞಾನದ ದೀಪ' ಎಂದರು, ಹಾರೆ ಟಣ್ ಎಂದಿತು. ಅಯ್ಯನವರು ಯಾರಿಗೂ ಹೇಳದೆ ಎದ್ದು ಮಾಸ್ತರ ಮನೆಗೆ ಹೋದರು. ಅಡಿಗೆಮನೆಯಲ್ಲಿ ಕೂತು ನೀರು ಕೇಳಿದರು, ಮಗಳ ಜೊತೆ ಅದೂ ಇದೂ ಮಾತಾಡಿದರು, ಬಂದರು. ಬಂದು ಮೆಲ್ಲಗೆ ಹೇಳಿದರು: "ಮಾಸ್ತರಿಗೆ ಹುಡುಗರ ಮ್ಯಾಲೆ ಸಿಟ್ಟಿರಲಿಲ್ಲ. ಮನ್ಯಾಗ ಹೆಂಡತಿ ಕೈಲೆ ಅವರಿಗೆ ದಿನಾ ಹೊಡತ ಬೀಳತಿತ್ತು." ಮಾಸ್ತರ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡಳು. ಹಾರೆ ಹಿಡಿದಿದ್ದ ಫಕೀರಪ್ಪ ಸುಮ್ಮನೆ ಅದನ್ನು ನೆಲಕ್ಕೆ ಊರಿದ, ಅರ್ಧ ಹಾರೆ ಒಳಗೆ ಹೋಯಿತು.

ಆಮೇಲೆ ಏನು ಕೇಳುತ್ತೀರಿ. ಯಾರ ಮನೆಯಲ್ಲಿ ಸತ್ತರೂ ಅಯ್ಯನವರಿಗೆ ಕರೆ. ಮಠದವರು ಕರೆದರು, ಮಸೀದಿಯವರು ಕರೆದರು, ದೇವರೇ ಇಲ್ಲ ಎನ್ನುತ್ತಿದ್ದ ವಕೀಲರ ಮನೆಯವರೂ ಕರೆದರು. ಊರಿನ ಅರ್ಧ ಜನರ ಬಾಣಂತನ ಮಾಡಿದ್ದ ಸೂಲಗಿತ್ತಿ ನೀಲವ್ವ ಸತ್ತಾಗ ಅಯ್ಯನವರು ಅಂದದ್ದು ನನಗೆ ಇನ್ನೂ ನೆನಪಿದೆ: "ಇಷ್ಟು ಕೂಸುಗಳ್ನ ಹಿಡದ್ಲು, ಒಂದು ಕೂಸಿಗೂ ಯಾರೂ ಈಕಿ ಹೆಸರಿಡಲಿಲ್ಲ." ನಾನು ಮನೆಗೆ ಬಂದು ಅತ್ತುಬಿಟ್ಟೆ. ನನ್ನನ್ನೂ ಹಿಡಿದದ್ದು ಅವಳೇ. ಅವರ ಮಾತು ಕೆಲವೊಮ್ಮೆ ಕುಟುಕುತ್ತಿತ್ತು, ಆದರೆ ಸತ್ತವರನ್ನು ಅವಮಾನ ಮಾಡಲು ಅವರು ಆಡುತ್ತಿರಲಿಲ್ಲ. ಹೇಗೋ ಒಂದು ಕನಿಕರ ಇರುತ್ತಿತ್ತು ಅದರಲ್ಲಿ. ಒಳ್ಳೆಯ ಮನುಷ್ಯ ಇದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಹೇಳುವಾಗ ನನಗೆ ಸಿಟ್ಟು ಬಂದು ಮರೆತುಹೋದೀತು.

ಸತ್ತವರ ಮುಂದೆ ಗಟ್ಟಿಯಾಗಿ ನಿಲ್ಲುವವನನ್ನು ಕಂಡರೆ ರಾಜಕೀಯದವರಿಗೆ ಬಾಯಲ್ಲಿ ನೀರು. ಪಕ್ಷದ ಜಿಲ್ಲಾ ಕಾರ್ಯದರ್ಶಿ ಉಮಾಪತಿ ಒಂದು ದಿನ ಜೀಪು ತಂದು ಚರ್ಚಿನ ಗೇಟಿಗೆ ಹಚ್ಚಿದ. ಅಯ್ಯನವರ ಪಡಸಾಲೆಯಲ್ಲಿ ನಾನೂ ಇದ್ದೆ, ಅಮ್ಮನವರ ರವಿಕೆಯ ಅಳತೆ ತೆಗೆದುಕೊಳ್ಳಲು ಹೋದವಳು. "ಅಯ್ಯನೋರ, ಸುಳ್ಳು ಹೇಳಿದ್ರ ಮಣ್ಣು ಒಪ್ಪೂದಿಲ್ಲ. ಮಣ್ಣ ಒಪ್ಪಿದ ಮನಶ್ಯಾ ಅಂದ್ರ ಈ ಜಿಲ್ಲಾದಾಗ ನೀವೊಬ್ರ. ಸಂಸತ್ತಿಗೆ ನಿಲ್ಲರಿ. ಉಳದದ್ದು ನಮಗ ಬಿಡ್ರಿ," ಎಂದ. ಅಯ್ಯನವರು ನಕ್ಕು ತಲೆ ಅಲ್ಲಾಡಿಸಿದರು. ಆದರೆ ಆ ನಗು ಬೇಡ ಎನ್ನುವವರ ನಗು ಆಗಿರಲಿಲ್ಲ. ಉಮಾಪತಿ ಹೋದ ಮೇಲೆ ಅಮ್ಮನವರು ಅಂದರು, "ಹೆಣದ ಮುಂದ ಖರೇ ಹೇಳೂದು ಬ್ಯಾರೆ, ಬದುಕಿದ್ದವರ ಮುಂದ ಬ್ಯಾರೆ. ಹೆಣ ತಿರುಗಿ ಬೀಳೂದಿಲ್ಲ." ಅಯ್ಯನವರು ನನ್ನ ಕಡೆ ತಿರುಗಿ, "ಏನಂತಿ ದೀನವ್ವ?" ಎಂದರು. ಊರಿಗೆ ದವಾಖಾನೆ ಇದೆ ಡಾಕ್ಟರಿಲ್ಲ, ನಳ ಇದೆ ನೀರಿಲ್ಲ, ನೀವಾದರೂ ಹೋಗಿ ಹೇಳಿರಿ ಅಂದೆ. ಮನಸ್ಸಿನಿಂದಲೇ ಅಂದೆ.

ನನ್ನ ಗಂಡ ಹನೋಕ ಆ ಚುನಾವಣೆಯಲ್ಲಿ ದುಡಿದ ಹಾಗೆ ಯಾರೂ ದುಡಿಯಲಿಲ್ಲ. ಸೈಕಲ್ಲಿಗೆ ಮೈಕು ಕಟ್ಟಿಕೊಂಡು ಓಣಿ ಓಣಿ ಸುತ್ತಿದ. 'ಮಣ್ಣು ನಂಬಿದ ಮನುಷ್ಯ, ನೀವೂ ನಂಬಿ' ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಬರುತ್ತಿದ್ದ. ನಾನು ಜೀರಿಗೆ ಕಷಾಯ ಕಾಸಿ ಕೊಡುತ್ತಿದ್ದೆ. ಗೆದ್ದ ದಿನ ಅಯ್ಯನವರು ಜೀಪಿನಿಂದ ಇಳಿದು ಅವನನ್ನು ಎಲ್ಲರ ಮುಂದೆ ತಬ್ಬಿಕೊಂಡರು. ಹನೋಕ ಆ ಅಂಗಿಯನ್ನು ಒಗೆಯಲು ಹಾಕಲಿಲ್ಲ ಎಂದರೆ ನೋಡಿ, ಹುಚ್ಚ.

ಮೊದಲ ವರ್ಷ ಅಯ್ಯನವರು ರಾಜಧಾನಿಯಲ್ಲಿ ನಮ್ಮ ಡಾಕ್ಟರಿಲ್ಲದ ದವಾಖಾನೆಯ ಬಗ್ಗೆ ಮಾತಾಡಿದರಂತೆ. ತಮ್ಮ ಪಕ್ಷದ ಸರಕಾರವೇ ಔಷಧದ ದುಡ್ಡು ತಿಂದಿದೆ ಎಂದೂ ಅಂದುಬಿಟ್ಟರಂತೆ. ಸಭೆ ಮುಗಿದ ಮೇಲೆ ಹಿರಿಯ ನಾಯಕರೊಬ್ಬರು ಹೆಗಲ ಮೇಲೆ ಕೈ ಹಾಕಿ, ಇಲ್ಲಿ ಯಾರೂ ಸತ್ತಿಲ್ಲ, ಇಂಥ ಮಾತು ಇಲ್ಲಿ ಯಾಕೆ ಎಂದು ಕೇಳಿದರಂತೆ. ಇದನ್ನು ಅಯ್ಯನವರೇ ನಮ್ಮ ಕಟ್ಟೆಯ ಮೇಲೆ ಕೂತು ನಗುತ್ತ ಹೇಳಿದ್ದು. ಆಮೇಲಾಮೇಲೆ ಬಂದಾಗ ನಗು ಹಾಗೇ ಇತ್ತು, ಮಾತು ಬದಲಾಯಿತು. ಡಾಕ್ಟರ ವಿಷಯ ಕೇಳಿದರೆ 'ಪರಿಶೀಲನ್ಯಾಗ ಅದ' ಎನ್ನುತ್ತಿದ್ದರು. ನೀರಿನ ವಿಷಯ ಕೇಳಿದರೆ ಅದೂ ಪರಿಶೀಲನೆಯಲ್ಲಿ. ಅಡಿಗೆಮನೆಯಲ್ಲಿ ಕೂತು ನೀರು ಕೇಳುವ ಮನುಷ್ಯ ಈಗ ಬಾಗಿಲಲ್ಲೇ ನಿಂತು ಕೈ ಮುಗಿದು ಹೋಗುತ್ತಿದ್ದರು. ಒಮ್ಮೆ ಒಬ್ಬ ಹಿರಿಯರ ಮಣ್ಣಿಗೆ ಬಂದು 'ತುಂಬಲಾರದ ನಷ್ಟ' ಎಂದರು, ಹಾರೆ ಟಣ್ ಎಂದಿತು. 'ಸಮಾಜಕ್ಕೆ ಮಾದರಿ' ಎಂದರು, ಮತ್ತೆ ಟಣ್. ಕಡೆಗೆ ಹಾಲು ಮಾರುವ ಮುದುಕಿಯೊಬ್ಬಳು ಯಾವುದೋ ಮಾತು ಅಂದು ಕೆಲಸ ಮುಗಿಸಿದಳು. ಪಾಪ, ರೈಲು ಪ್ರಯಾಣದ ದಣಿವು ಎಂದು ನಾವೇ ಸಮಾಧಾನ ಮಾಡಿಕೊಂಡೆವು. ಪ್ರೀತಿ ಇದ್ದ ಕಡೆ ಕಣ್ಣು ಕಾಣುವುದಿಲ್ಲ.

ಡಾಕ್ಟರು ಬರಲಿಲ್ಲ, ಬಣ್ಣದ ಕಾರ್ಖಾನೆ ಬಂತು. ಅಯ್ಯನವರೇ ತಂದರು. ಊರಿಗೆ ಊರೇ ಅಲ್ಲಿ ಕೆಲಸಕ್ಕೆ ಸೇರಿತು. ಸುಳ್ಳೇಕೆ ಹೇಳಲಿ, ಒಲೆಗಳು ಚೆನ್ನಾಗಿ ಉರಿದವು. ಹನೋಕನಿಗೆ ತೊಟ್ಟಿ ತೊಳೆಯುವ ಕೆಲಸ ಸಿಕ್ಕಿತು. ನೆಲದೊಳಗೆ ಬಾವಿಯಂಥ ದೊಡ್ಡ ತೊಟ್ಟಿಗಳು. ಬಣ್ಣದ ಗಸಿ ತಳದಲ್ಲಿ ಕೂತಿರುತ್ತದೆ, ಇಳಿದು ಕೆರೆದು ತೆಗೆಯಬೇಕು. ಕೆಲವು ದಿನ ಆದ ಮೇಲೆ ಅವನು ಊಟ ಮಾಡಿದರೆ ಕಾರಿಕೊಳ್ಳುತ್ತಿದ್ದ. ತೊಟ್ಟಿಯೊಳಗೆ ಕಣ್ಣಿಗೆ ಕಾಣದ್ದೇನೋ ತುಂಬಿಕೊಳ್ಳುತ್ತದೆ, ದೀಪ ಬಿಟ್ಟರೆ ಆರಿಹೋಗುತ್ತದೆ ಎಂದ. ಮ್ಯಾನೇಜರು ಕೇಳಲಿಲ್ಲ. "ನಮ್ಮ ಅಯ್ಯನವರು ಅದಾರಲ್ಲ, ನಾ ಹೇಳ್ತೀನಿ," ಎಂದ.

ಆಗ ಎರಡನೆಯ ಚುನಾವಣೆ ಹತ್ತಿರ ಬಂದಿತ್ತು. ಅಯ್ಯನವರು ಓಟು ಕೇಳಲು ನಮ್ಮ ಮನೆಗೆ ಬಂದರು, ಉಮಾಪತಿ ಹಿಂದೆ. ನಾನು ಚಹಾ ಕೊಟ್ಟೆ. ಹನೋಕ ಎಲ್ಲವನ್ನೂ ಬಿಡಿಸಿ ಹೇಳಿದ. "ತೊಟ್ಟಿಯೊಳಗ ವಿಷ ಅದ್ರಿ ಅಯ್ಯನೋರ. ನಾ ಇನ್ನ ಇಳಿಯೂದಿಲ್ಲ. ನಾ ಇಳೀಲಿಲ್ಲಂದ್ರ ಉಳದವರೂ ಇಳಿಯೂದಿಲ್ಲ." ಅಯ್ಯನವರು ಬಟ್ಟಲು ಕೆಳಗಿಟ್ಟರು. ಉಮಾಪತಿ ಕಿವಿಯಲ್ಲಿ ಏನೋ ಅಂದ. ಆಮೇಲೆ ಅಯ್ಯನವರು ಹನೋಕನ ಮೊಣಕಾಲಿನ ಮೇಲೆ ಕೈಯಿಟ್ಟು, "ಈಗ ಗದ್ದಲ ಬ್ಯಾಡೋ ತಮ್ಮಾ. ಓಟು ಮುಗೀಲಿ, ನಾ ಮಾತಾಡ್ತೀನಿ. ಅಲ್ಲೀ ತನಕ ಇಳಿ. ಏನೂ ಆಗೂದಿಲ್ಲ, ನಾ ಪ್ರಾರ್ಥನಾ ಮಾಡ್ತೀನಿ," ಎಂದರು. ಹನೋಕನಿಗೆ ಅಷ್ಟೇ ಸಾಕಾಯಿತು. ಮಾರನೆಯ ದಿನ ಕಾರ್ಖಾನೆಯ ಗೇಟಿನಲ್ಲಿ ಎಲ್ಲರಿಗೂ ಹೇಳಿದ, "ಅಯ್ಯನವರೇ ಇಳಿ ಅಂದಾರ, ಮುಗೀತು." ನಾನು ಬೇಡ ಅಂದೆ. ನನ್ನ ಮಾತು ಯಾವ ಲೆಕ್ಕ.

ಓಟಿನ ಹಿಂದಿನ ದಿನ ಅವನನ್ನು ತೊಟ್ಟಿಯಿಂದ ಹಗ್ಗ ಕಟ್ಟಿ ಎಳೆದು ತೆಗೆದರು. ಮುಖ ನೀಲಿಯಾಗಿತ್ತು. ಅದು ಬಣ್ಣವೋ ಸಾವೋ ತಿಳಿಯಲಿಲ್ಲ, ಎಷ್ಟು ಉಜ್ಜಿದರೂ ಹೋಗಲಿಲ್ಲ. ಸ್ಮಶಾನದ ಹುಣಸೆಮರದ ಕೆಳಗೆ ಇಳಿಸಿದೆವು. ಫಕೀರಪ್ಪ ಹಾರೆ ಹಿಡಿದು ನಿಂತ. ಒಬ್ಬೊಬ್ಬರೇ ಬಂದು ಹೇಳಿದರು: ಸೈಕಲ್ಲು ಚೆನ್ನಾಗಿ ರಿಪೇರಿ ಮಾಡುತ್ತಿದ್ದ, ಹಾಡು ಬರುತ್ತಿರಲಿಲ್ಲ ಆದರೂ ಹಾಡುತ್ತಿದ್ದ, ಸಿಟ್ಟು ಬಂದರೆ ಉಣ್ಣುತ್ತಿರಲಿಲ್ಲ. ಎಲ್ಲ ಖರೇ. ಆದರೆ ಮಣ್ಣಿಗೆ ಬೇಕಾದ ಮಾತು ಅದಲ್ಲ ಎಂದು ಹೇಳುವವರಿಗೂ ಗೊತ್ತಿತ್ತು, ಕೇಳುವವರಿಗೂ ಗೊತ್ತಿತ್ತು. ಸುತ್ತ ನಿಂತವರಲ್ಲಿ ಕಾರ್ಖಾನೆಯ ಅನ್ನ ಉಣ್ಣದವರು ಯಾರಿದ್ದರು. ನಮ್ಮ ಪಕ್ಕದ ಮನೆ ಶಾಂತವ್ವ, ನನ್ನ ಜೊತೆ ಸಾಲಿಗೆ ಹೋದವಳು, ನನ್ನ ಮುಖ ನೋಡದೆ ಬೇರೆ ಕಡೆ ತಿರುಗಿ ನಿಂತಳು. ಅವಳ ಇಬ್ಬರು ಮಕ್ಕಳೂ ಅಲ್ಲೇ ಕೆಲಸಕ್ಕಿದ್ದರು.

ಸಂಜೆಯಾಯಿತು, ಮರುದಿನವಾಯಿತು. ಸೋಡಾ ಅಂಗಡಿಯಿಂದ ಬರ್ಫ ತಂದು ಸುತ್ತ ಇಟ್ಟರು. ಕಡೆಗೆ ಅಯ್ಯನವರ ಕಾರು ಬಂತು. ನನಗೆ ಜೀವ ಬಂದ ಹಾಗಾಯಿತು. ಏನೇ ಬದಲಾಗಿರಲಿ, ಹೆಣದ ಮುಂದೆ ಈ ಮನುಷ್ಯ ಸುಳ್ಳಾಡುವುದಿಲ್ಲ ಎಂದುಕೊಂಡೆ. ಅವರು ಹನೋಕನ ತಲೆಯ ಹತ್ತಿರ ನಿಂತರು. "ಹನೋಕ ಕಾಯಕಜೀವಿ," ಎಂದರು. ಟಣ್. "ನಮ್ಮ ಸಭೆಯ ಕಂಬ." ಟಣ್. ಅಯ್ಯನವರು ನನ್ನನ್ನು ನೋಡಿದರು, ನಾನು ಅವರನ್ನು ನೋಡಿದೆ. ತುಟಿ ತೆರೆದವು. ಕಣ್ಣಲ್ಲಿ ನೀರೂ ಬಂತು, ಇಲ್ಲ ಎನ್ನುವುದಿಲ್ಲ. ಹಿಂದಿನಿಂದ ಉಮಾಪತಿ, "ಪೇಪರಿನವರು ಬಂದಾರ್ರಿ," ಎಂದ. ಅಯ್ಯನವರ ಬಾಯಿ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಬಂದ ಮಾತು ಇದು: "ಊರಿನ ಬೆಳವಣಿಗಿಗೆ ಪ್ರಾಣ ಕೊಟ್ಟ ಧೀರ." ಹಾರೆಯ ಮೂತಿ ಮುರಿದು ಹಾರಿ ಬಿತ್ತು.

ನಾನೇ ಎದ್ದು ಕೂಗಿದೆ. ವಿಷ ಅದ ಅಂತ ಹೇಳಿದ್ದ, ನೀವು ಇಳಿ ಅಂದ್ರಿ ಎಂದು ಊರೆಲ್ಲ ಕೇಳುವ ಹಾಗೆ ಕೂಗಿದೆ. ಮಣ್ಣು ಅಲ್ಲಾಡಲಿಲ್ಲ. ಹೆಂಡತಿಯ ಮಾತು ಅದು, ಮನೆಯವರ ಮಾತು. ಹೇಗೆ ಅಲ್ಲಾಡೀತು. ಉಮಾಪತಿ ಪೇಪರಿನವರ ಕಡೆ ತಿರುಗಿ, "ನೋಡ್ರಿ, ಮಣ್ಣ ಒಪ್ಪಲಿಲ್ಲ. ಪಾಪ, ದುಃಖದಾಗ ಏನೇನೋ ಮಾತಾಡ್ತಾರ," ಎಂದ. ಅವರು ಹೊರಗಿನವರು, ನಮ್ಮ ಕಟ್ಟಳೆ ಅವರಿಗೇನು ಗೊತ್ತು. ಹಾಗೆಯೇ ಬರೆದುಕೊಂಡರು. ನಮ್ಮೂರಿನ ಒಬ್ಬರಾದರೂ ಬಾಯಿ ಬಿಡಲಿಲ್ಲ. ಆ ಸಿಟ್ಟು ನನಗೆ ಇವತ್ತಿಗೂ ಇದೆ. ಬಚ್ಚಿಟ್ಟುಕೊಳ್ಳುವ ಹೆಂಗಸಲ್ಲ ನಾನು.

ಬಿಸಿಲಿಗೆ ಇನ್ನು ಇಡುವ ಹಾಗಿರಲಿಲ್ಲ. ಅಯ್ಯನವರೇ ಉಪಾಯ ಕಂಡುಹಿಡಿದರು. ಹೊಳೆಯ ದಂಡೆಯ ಸರಕಾರಿ ಜಾಗದಲ್ಲಿ ನೆಲದ ಮೇಲೆಯೇ ಇಟ್ಟಿಗೆಯ ಗೂಡು ಕಟ್ಟಿಸಿದರು, ಹನೋಕನನ್ನು ಅದರೊಳಗೆ ಸರಿಸಿ ಸಿಮೆಂಟು ಮೆತ್ತಿಸಿದರು. ಮಣ್ಣೂ ಬೇಡ, ಮಾತೂ ಬೇಡ. ಗೌಂಡಿ ಕರಣೆ ಆಡಿಸುವ ಸಪ್ಪಳ ಬಿಟ್ಟರೆ ಅಲ್ಲಿ ಮತ್ತೇನೂ ಕೇಳಲಿಲ್ಲ. ಅಯ್ಯನವರು ಗೆದ್ದರು.

ಆ ಒಂದು ಗೂಡಿನಿಂದಲೇ ಅವರ ಹೆಸರು ರಾಜಧಾನಿಯವರೆಗೆ ಹೋಯಿತು ಎಂದರೆ ನಂಬುತ್ತೀರಾ. ಅನುದಾನ ತಂದರು, ಗೂಡಿನ ಪಕ್ಕ ಗೂಡು, ಮೇಲೆ ಗೂಡು, ಟೈಲ್ಸು, ನಳ, ಕಾವಲುಗಾರ, ಬಾಗಿಲಲ್ಲಿ 'ಶಾಂತಿಧಾಮ' ಎಂದು ಬೋರ್ಡು. ಉದ್ಘಾಟನೆಗೆ ಬ್ಯಾಂಡು ತರಿಸಿದ್ದರು. ಜನಕ್ಕೆ ಆದ ಸಂತೋಷ ಅಷ್ಟಿಷ್ಟಲ್ಲ. ಸೊಸೆಯನ್ನು ಸುಟ್ಟವರು, ತಮ್ಮನ ಹೊಲ ನುಂಗಿದವರು, ಕದ್ದು ಇನ್ನೊಂದು ಸಂಸಾರ ಮಾಡಿದವರು, ಎಲ್ಲರ ಮನೆಯಲ್ಲೂ ಒಂದು ಮಾತು ಇದ್ದೇ ಇತ್ತಲ್ಲ. ಈಗ ಬೆಳಿಗ್ಗೆ ಯಾರಾದರೂ ಸತ್ತರೆ ಉಳಿದವರು ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. "ಅಯ್ಯನೋರು ಸತ್ತವರಿಗೂ ಸೌಲಭ್ಯ ಮಾಡಿಕೊಟ್ರು," ಎಂದು ಶಾಂತವ್ವ ನನ್ನ ಮುಂದೆಯೇ ಅಂದಳು. ಹುಣಸೆಮರದ ಕೆಳಗೆ ಹುಲ್ಲು ಬೆಳೆಯಿತು. ಫಕೀರಪ್ಪ ಮುರಿದ ಹಾರೆಯನ್ನು ಗುಜರಿಗೆ ಹಾಕಿದ. ಅಯ್ಯನವರು ಮೂರನೆಯ ಸಲವೂ ಗೆದ್ದು ಉಪಮಂತ್ರಿಯಾದರು. ಕಾರಿಗೆ ಕೆಂಪು ದೀಪ ಬಂತು. ನಾನು ಹೊಲಿಗೆ ಹೊಲಿದೆ. ಭಾನುವಾರ ಶಾಂತಿಧಾಮಕ್ಕೆ ಹೋಗಿ ಹನೋಕನ ಗೂಡಿನ ಮುಂದೆ ಕೂತು ಬರುತ್ತಿದ್ದೆ. ಯಾರಾದರೂ ಒಬ್ಬರು ಒಂದಲ್ಲ ಒಂದು ದಿನ ಆ ಮಾತು ಹೇಳಿಯಾರು, ಸಿಮೆಂಟು ಒಡೆಸಿ ಇವನನ್ನು ಮಣ್ಣಿಗೆ ಕೊಡಿಸೇನು ಎಂಬುದೊಂದೇ ನನಗಿದ್ದ ಆಸೆ.

ಅಯ್ಯನವರು ತೀರಿಕೊಂಡದ್ದು ರಾಜಧಾನಿಯಲ್ಲಿ, ಹೃದಯ ನಿಂತು. ಹೆಣ ಊರಿಗೆ ಬಂದ ಬೆಳಿಗ್ಗೆ ಸಲೋಮಿ ಅಮ್ಮನವರು ನನ್ನ ಮನೆಗೆ ಬಂದರು. ಒಬ್ಬರೇ, ಚಪ್ಪಲಿಯೂ ಇಲ್ಲದೆ. ಎಷ್ಟೋ ವರ್ಷದ ಮೇಲೆ ನನ್ನ ಹೊಸ್ತಿಲು ದಾಟಿದ್ದರು.

"ದೀನಾ, ಅವರು ಸಿಮೆಂಟಿನಾಗ ಬ್ಯಾಡ ಅಂದಾರ. ಮಣ್ಣಿನ್ಯಾಗ ಇಡ್ರಿ ಅಂತ ಸಾಯೂ ಮುಂದ ನನ್ನ ಕಡೆ ವಚನ ತೊಗೊಂಡಾರ."

"ಇಡ್ರಿ. ಬ್ಯಾಡಂದವರ್ಯಾರು?"

"ಮಾತು ಯಾರು ಹೇಳ್ತಾರ? ನನಗ ಹೇಳಾಕ ಬರೂದಿಲ್ಲ, ನಾ ಮನಿಯಾಕಿ. ನಿನಗ ಗೊತ್ತದ."

"ನನಗ ಗೊತ್ತಿದ್ದಾಗ ಯಾರು ಕೇಳಿದ್ರು, ಅಮ್ಮನೋರ?"

ಅವರು ನೆಲದ ಮೇಲೆ ಕೂತುಬಿಟ್ಟರು. "ನಿದ್ದಿ ಮಾಡತಿರಲಿಲ್ಲ ದೀನಾ. ಎದ್ದು ಕೂತು ಹನೋಕನ ಹೆಸರು ಹೇಳತಿದ್ರು."

"ನಿಮ್ಮ ಮುಂದ ಹೇಳಿದ್ರ ಏನಾತು. ನಾಕು ಮಂದಿ ಮುಂದ ಹೇಳಬೇಕಿತ್ತು," ಎಂದೆ. "ನಾ ಹೇಳೂದಿಲ್ರಿ. ನನ್ನ ಗಂಡ ಸಿಮೆಂಟಿನಾಗ ಇದ್ದಾನ, ಅವರೂ ಇರಲಿ." ಅಮ್ಮನವರು ಗೋಡೆ ಹಿಡಿದು ಎದ್ದು ಹೋದರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ. ಆದರೂ ಎಬ್ಬಿಸಲು ಕೈ ಕೊಡಲಿಲ್ಲ.

ಮಣ್ಣಿಗೆ ನಾನು ಹೋದದ್ದು ಹಾರೆಯ ಸಪ್ಪಳ ಕೇಳಲು. ಹೊಟ್ಟೆ ತಣ್ಣಗಾಗಲಿ ಎಂದು. ಹುಣಸೆಮರದ ಕೆಳಗೆ ಪೆಂಡಾಲು ಹಾಕಿದ್ದರು, ಮಂತ್ರಿಗಳು ಬಂದಿದ್ದರು, ಕಾರ್ಖಾನೆಯ ಮ್ಯಾನೇಜರು ಮೊದಲ ಸಾಲಿನಲ್ಲಿ ಕೂತಿದ್ದ. ಮುದುಕನಾಗಿದ್ದ ಫಕೀರಪ್ಪ ಹೊಸ ಹಾರೆ ಹಿಡಿದು ನಿಂತಿದ್ದ. ಮೈಕು ಹಿಡಿದು ಒಬ್ಬೊಬ್ಬರೇ ಹೇಳಿದರು. 'ಅಜಾತಶತ್ರು.' ಟಣ್. 'ಬಡವರ ಬಂಧು.' ಟಣ್. 'ಸಂಸತ್ತಿನ ಘನತೆ.' ಪ್ರತಿ ಟಣ್ ಕೇಳಿದಾಗಲೂ ನಾನು ಒಳಗೊಳಗೇ ಚಪ್ಪಾಳೆ ಹೊಡೆದೆ. ಬಿಸಿಲು ಏರಿತು, ಮಂತ್ರಿಗಳು ಗಡಿಯಾರ ನೋಡಿಕೊಂಡರು, ಬರ್ಫ ಕರಗಿ ಪೆಟ್ಟಿಗೆಯಿಂದ ನೀರು ಸೋರತೊಡಗಿತು. ಅಮ್ಮನವರು ತಲೆ ಎತ್ತಲಿಲ್ಲ.

ಆಗ ಉಮಾಪತಿ ಮೈಕು ತೆಗೆದುಕೊಂಡ. "ಬಣ್ಣದ ಕಾರ್ಖಾನೆಯ ಹನೋಕನ್ನ ನೀವೆಲ್ಲಾ ಬಲ್ರಿ. ಆ ಬಡಪಾಯಿ ಸತ್ತಾಗ ಯಾರಿಗೂ ಬ್ಯಾಡಾದ ಹೆಣಕ್ಕ ಗೂಡು ಕಟ್ಟಿಸಿ, ಅವನ ಹೆಂಡತಿ ಕಣ್ಣೀರು ಒರೆಸಿದವರು ನಮ್ಮ ಅಯ್ಯನವರು. ಆ ತಾಯಿ ಇಲ್ಲೇ ಕೂತಾಳ, ಕೇಳ್ರಿ ಬೇಕಾದ್ರ," ಎಂದು ನನ್ನ ಕಡೆ ಕೈ ಮಾಡಿದ.

ನನಗೆ ಏನಾಯಿತೋ. ಬೆಳಿಗ್ಗೆಯಿಂದ ಕಚ್ಚಿ ಹಿಡಿದಿದ್ದ ಹಲ್ಲು ಬಿಟ್ಟುಹೋಯಿತು. ಎದ್ದು ನಿಂತೆ. "ತೊಟ್ಟಿಯೊಳಗ ವಿಷ ಅದ ಅಂತ ನನ್ನ ಗಂಡ ಹೇಳಿದ. ಈ ಮನಶ್ಯಾ ಗೊತ್ತಿದ್ದೂ ಇಳಿ ಅಂದ. ಹೆಣದ ಮುಂದ ನಿಂತೂ ಬಾಯಿ ಬಿಡಲಿಲ್ಲ," ಎಂದೆ. ಅಯ್ಯನವರನ್ನು ಹಾಗೆ ಏಕವಚನದಲ್ಲಿ ಅಂದದ್ದು ಅದೇ ಮೊದಲು. ಅವರ ಮಾನ ತೆಗೆಯಬೇಕು, ಮಂತ್ರಿಗಳೂ ಮ್ಯಾನೇಜರೂ ಕೇಳಬೇಕು ಎಂದು ಅಂದೆ. ನಾನು ಎಲ್ಲಿ ನಿಂತಿದ್ದೇನೆ, ಯಾರಿಗೆ ಹೊರಗಿನವಳು, ಒಂದೂ ಆ ಗಳಿಗೆಯಲ್ಲಿ ತಲೆಗೆ ಬರಲಿಲ್ಲ.

ಹಾರೆ ಒಳಗೆ ಹೋಯಿತು. ಸಪ್ಪಳವೇ ಇಲ್ಲದೆ, ಬೆಣ್ಣೆಯಲ್ಲಿ ಚಾಕು ಹೋದ ಹಾಗೆ.

ಪೆಂಡಾಲಿನ ತುಂಬ ಜನ ಉಸಿರು ಬಿಟ್ಟರು. ಯಾರೂ ನನ್ನ ಮೇಲೆ ಸಿಟ್ಟಾಗಲಿಲ್ಲ, ಯಾರಿಗೂ ನಾಚಿಕೆಯೂ ಆಗಲಿಲ್ಲ. "ಖರೇ ಮಾತ ಅದ," ಎಂದಳು ಶಾಂತವ್ವ ಪಕ್ಕದವಳಿಗೆ, "ನಮಗೆಲ್ಲಾರಿಗೂ ಗೊತ್ತಿತ್ತಲ್ಲ." ಉಮಾಪತಿ ಬಂದು ನನಗೆ ಕೈ ಮುಗಿದ. "ಚಲೋ ಆತು ಅಕ್ಕಾರ. ಮಂತ್ರಿಗಳಿಗೆ ವಿಮಾನ ಇತ್ತು, ಹೊತ್ತಾಗ್ತಿತ್ತು." ಪೆಟ್ಟಿಗೆ ಇಳಿಸಿದರು. ಅಮ್ಮನವರು ನನ್ನ ಭುಜಕ್ಕೆ ತಲೆಯಿಟ್ಟು ಅತ್ತರು. ಫಕೀರಪ್ಪ ಕುಣಿಯಿಂದ ಮಣ್ಣು ಎತ್ತಿ ನನ್ನ ಕೈಗೆ ಕೊಟ್ಟ. "ಮಾತು ಹೇಳಿದವರೇ ಮೊದಲನೇ ಹಿಡಿ ಹಾಕಬೇಕವ್ವ," ಎಂದ. ಎಂಥ ಮಣ್ಣು ಅದು, ಕೈಯಲ್ಲಿ ಹಿಡಿದರೆ ತಂಪು. ನನ್ನ ಗಂಡನ ಸಾವಿನಿಂದ ಮೆತ್ತಗಾದ ಮಣ್ಣು, ಹೋಗಿ ಯಾರಿಗೆ ಸಿಕ್ಕಿತು.

ನಾನು ಹಾಕಲಿಲ್ಲ. ಸೆರಗಿನಲ್ಲಿ ಕಟ್ಟಿಕೊಂಡು ಎಲ್ಲರ ನಡುವೆಯೇ ಹೊರಟುಬಂದೆ. ನೇರ ಶಾಂತಿಧಾಮಕ್ಕೆ ಹೋದೆ. ಹನೋಕನ ಗೂಡಿನ ಮೇಲೆ ಆ ಮಣ್ಣನ್ನು ಇಟ್ಟೆ. ನುಣ್ಣನೆಯ ಸಿಮೆಂಟು, ಒಂದು ಕಾಳೂ ನಿಲ್ಲದೆ ಜಾರಿ ಕೆಳಗೆ ಬಿತ್ತು. ಮತ್ತೆ ಬಾಚಿ ಹಚ್ಚಿದೆ, ಮತ್ತೆ ಜಾರಿತು. ಕಾವಲುಗಾರ ಕಸಬರಿಗೆ ಹಿಡಿದುಕೊಂಡು ಬಂದ.

"ಇಲ್ಲಿ ಮಣ್ಣು ತರಬ್ಯಾಡ್ರಿ ಅಕ್ಕಾರ," ಎಂದ, "ಟೈಲ್ಸ್ ಹೊಲಸಾಗ್ತಾವ." ನಾನು ಕಾಲು ಎತ್ತಿ ಪಕ್ಕಕ್ಕೆ ಸರಿದೆ. ಅವನು ಗುಡಿಸಿ ತೆಗೆದ.